ಗಂಡಸವ್ವನ ಹೊಲ

ನನ್ನ ತಮ್ಮ ಬಳ್ಳಾರಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಪೂಜೆಗೆ ಬಂದ ಅಯ್ಯನವರು ಕೈಯಲ್ಲಿ ಬಿಲ್ವಪತ್ರೆ ಹಿಡಿದು, "ನಿಮ್ಮ ಮೂಲ ಯಾವೂರಿಂದ್ರಿ?" ಎಂದು ಕೇಳಿದರು.

"ದೇಶನೂರು," ಎಂದ ಅಪ್ಪ.

"ಕುರುಗೋಡು," ಎಂದಳು ಅತ್ತೆ.

ಎರಡೂ ಮಾತು ಒಂದೇ ಗಳಿಗೆಯಲ್ಲಿ ಹೊರಬಿದ್ದವು. ಅಯ್ಯನವರು ಒಮ್ಮೆ ಅಪ್ಪನ ಮುಖ, ಒಮ್ಮೆ ಅತ್ತೆಯ ಮುಖ ನೋಡಿದರು. ಹಿಂದೆ ಕೂತಿದ್ದ ಬೀಗರ ಪೈಕಿ ಯಾರೋ ಕಿಸಕ್ಕನೆ ನಕ್ಕರು. ಕೊನೆಗೆ ಅಯ್ಯನವರೇ, "ಎರಡೂ ಊರಿನ ಶಿವ ಒಬ್ಬನ ಅಲ್ರಿ," ಎಂದು ಸಮಾಧಾನ ಮಾಡಿ ಪೂಜೆ ಮುಂದುವರಿಸಿದರು. ಅಪ್ಪ ಮತ್ತು ಅತ್ತೆ ಮಾತ್ರ ಹೋಳಿಗೆ ಊಟ ಮುಗಿಯುವವರೆಗೂ ಮುಂದುವರಿಸಿದ್ದು ಆ ಜಗಳವನ್ನೇ.

ಈ ಜಗಳ ನಾನು ಹುಟ್ಟುವ ಮೊದಲಿನದು. ಅಪ್ಪ ಬದುಕಿಡೀ ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ ನಡೆಸಿದವ. ಅತ್ತೆ ಅವನ ಅಕ್ಕ, ಎಂಬತ್ತು ದಾಟಿದವಳು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇದ್ದ ಮನೆಗೆ ಮದುವೆಯಾಗಿ ಹೋದವಳು. ಅಪ್ಪನ ಪ್ರಕಾರ, ನನ್ನ ಮುತ್ತಜ್ಜನ ತಂದೆ ಸಿರುಗುಪ್ಪ ಸೀಮೆಯ ದೇಶನೂರಿನವ. ಬ್ರಿಟಿಷರ ಕಾಲದ ದೊಡ್ಡ ಬರದಲ್ಲಿ, ಮಗ ಇನ್ನೂ ತೊದಲು ಮಾತಾಡುವಾಗಲೇ, ತೀರಿಕೊಂಡ. ಇದನ್ನು ಅಪ್ಪನಿಗೆ ಅವನಪ್ಪ ಹೇಳಿದ್ದ. ಅತ್ತೆಯ ಪ್ರಕಾರ ಆ ಹಿರಿಯ ಕುರುಗೋಡಿನವ. ಬರ ಕಳೆದ ಮೇಲೂ ಎಷ್ಟೋ ವರ್ಷ ಬದುಕಿ, ಉತ್ತು ಬಿತ್ತಿ, ಮಗ ಮೀಸೆ ತಿರುವುವುದನ್ನು ನೋಡಿಯೇ ಸತ್ತ. ಇದನ್ನು ಅವಳಿಗೆ ಅವಳಜ್ಜಿ ಹೇಳಿದ್ದಳು. ಆ ಹಿರಿಯನನ್ನು ನಮ್ಮ ಮನೆಯಲ್ಲಿ ‘ಹಿರಿಯಜ್ಜ’ ಎಂದೇ ಕರೆಯುತ್ತಿದ್ದರು. ಬರದಲ್ಲಿ ಸತ್ತವನೂ ಅವನೇ, ಬರ ಕಳೆದ ಮೇಲೆ ಬದುಕಿದ್ದವನೂ ಅವನೇ.

ಊಟವಾದ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಅತ್ತೆ ತನ್ನ ನಿಜವಾದ ತಕರಾರನ್ನು ಹೊರಗೆ ಹಾಕಿದಳು. "ದೇಶನೂರಂದ್ರ ಸಿರುಗುಪ್ಪದ ಬಗಲಿಗೇ ಐತಿ. ಗಂಡನ ಸೀಮಿನೂ ಅದ, ತವರ ಸೀಮಿನೂ ಅದ ಅಂದ್ರ, ಸಿಟ್ಟು ಬಂದಾಗ ನಾ ಎಲ್ಲಿಗೆ ಹೋಗ್ಲಿ?"

"ಎಂಬತ್ತು ವರ್ಷದಾಗ ಎಷ್ಟು ಸಲ ಸಿಟ್ಟಾಗಿ ಬಂದಿ? ಬಂದಾಗೆಲ್ಲಾ ಬಳ್ಳಾರಿಗೇ ಬಂದಿ," ಎಂದ ಅಪ್ಪ.

"ಅದು ಬಸ್ಸು ಇಲ್ಲಿಗೇ ಬರ್ತಿತ್ತು ಅಂತ."

ನಾನು ಕೌಲ್‌ಬಜಾರಿನಲ್ಲಿ ದಂತವೈದ್ಯೆ. ಅಪ್ಪ ನನ್ನ ಕಡೆ ತಿರುಗಿ, "ದಿನಾ ಮಂದಿ ಹಲ್ಲಿನ ಬೇರು ಹುಡುಕ್ತಿ. ಒಂದೀಟು ನಮ್ಮ ಬೇರು ಹುಡುಕು ನೋಡೋಣ," ಎಂದ. ತಮಾಷೆಗೆ ಅಂದದ್ದೇ ಇರಬೇಕು. ಆದರೆ ಅತ್ತೆ ತಕ್ಷಣ, "ಹುಡುಕಲಿ. ಯಾರು ಸೋಲ್ತಾರೋ ಅವರು ಇನ್ನ ಮ್ಯಾಲೆ ಬಾಯಿ ಮುಚ್ಚಬೇಕು," ಎಂದಳು. ಇಬ್ಬರೂ ಬಾಯಿ ಮುಚ್ಚಿದ ಮನೆ ಹೇಗಿದ್ದೀತೆಂದು ಊಹಿಸಲೂ ನನ್ನಿಂದ ಆಗಲಿಲ್ಲ. ಆದರೂ ಒಪ್ಪಿಕೊಂಡೆ. ಆಗಷ್ಟೇ ಮಗಳು ಓದಲು ಧಾರವಾಡಕ್ಕೆ ಹೋಗಿದ್ದಳು; ನನಗೂ ಒಂದು ಹವ್ಯಾಸ ಬೇಕಾಗಿತ್ತು.

ಮೊದಲು ಹೋದದ್ದು ಸಿರುಗುಪ್ಪಕ್ಕೆ. ಕಾರಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕನ್ಯೆ ನೋಡಲು ಹೊರಟ ವರನ ಹಾಗೆ ಕೂತಿದ್ದ. ಕಾಲುವೆ ನೀರು ಬಿಟ್ಟ ದಿನಗಳು. ದಾರಿಯ ಎರಡೂ ಬದಿಗೆ ನಾಟಿಯ ಹಸಿರು. ನಡುವೆ ಒಂದು ಕಡೆ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದು, ಎಣ್ಣೆಗೈಯನ್ನು ಅಂಗಿಗೆ ತಾಗಿಸಿಕೊಳ್ಳದಂತೆ ಅಪ್ಪ ಪಟ್ಟ ಪಾಡು ನೋಡಬೇಕಿತ್ತು.

ತಾಲ್ಲೂಕು ಕಚೇರಿಯಲ್ಲಿ ಹಳೆಯ ದಾಖಲೆಗಳನ್ನು ನೋಡಲು ಮೊದಲೇ ಅರ್ಜಿ ಕೊಟ್ಟಿದ್ದೆ. ಅಲ್ಲಿನ ಗುಮಾಸ್ತೆ, ನನ್ನದೇ ವಯಸ್ಸಿನ ಹೆಣ್ಣುಮಗಳು, ಬಟ್ಟೆಯಲ್ಲಿ ಕಟ್ಟಿದ ದಪ್ಪ ಕಟ್ಟುಗಳನ್ನು ಮೇಜಿನ ಮೇಲೆ ಇಟ್ಟು, "ಸೀನು ಬಂದ್ರ ಕಿಟಕಿ ಕಡಿಗೆ ಸೀನ್ರಿ, ಹಾಳಿ ಹಾರ್ತಾವ," ಎಂದಳು. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದ ಕಾಗದಗಳು ಅವು. ಒಂದು ಪುಟ ಕನ್ನಡ, ಮುಂದಿನದು ತೆಲುಗು, ಅದರ ಮೇಲೆ ಇಂಗ್ಲಿಷಿನ ಷರಾ. ನಮ್ಮ ಹಿರಿಯಜ್ಜನದು ಈ ಸೀಮೆಯಲ್ಲಿ ಮನೆಗೊಬ್ಬರು ಇಟ್ಟುಕೊಳ್ಳುವ ಹೆಸರು. ಕನ್ನಡದಲ್ಲಿ ಬರೆದವ ಅದಕ್ಕೆ ‘ಪ್ಪ’ ಸೇರಿಸಿದ್ದ, ತೆಲುಗಿನವ ‘ಡು’ ಸೇರಿಸಿದ್ದ. ಇಂಗ್ಲಿಷಿನವನ ಕೈಯಲ್ಲಿ ಅದು ಓದಿದರೆ ಯಾವುದೋ ತರಕಾರಿಯ ಹೆಸರಿನಂತೆ ಕೇಳುತ್ತಿತ್ತು. ಅಪ್ಪನ ಅಪ್ಪನ ಕಾಲದ ಒಂದು ಪಾಲುಪತ್ರದಲ್ಲಿ ಹಿರಿಯಜ್ಜನ ತಂದೆಯ ಹೆಸರು, ಮನೆತನದ ಅಡ್ಡಹೆಸರು ಎರಡೂ ಇದ್ದವು. ಅವನ್ನು ಹಿಡಿದೇ ನಾವು ಹೋಲಿಸುತ್ತಾ ಹೋದೆವು.

ಮಧ್ಯಾಹ್ನದ ಹೊತ್ತಿಗೆ ಅಪ್ಪನ ಬೆರಳು ಒಂದು ಸಾಲಿನ ಮೇಲೆ ನಿಂತಿತು. ದೇಶನೂರಿನ ಮರಣಗಳ ಪಟ್ಟಿ. ಬರದ ವರ್ಷ. ಹಿರಿಯಜ್ಜನ ಹೆಸರು, ಅವನ ಅಪ್ಪನ ಹೆಸರು, ಅಡ್ಡಹೆಸರು. ವಯಸ್ಸು ಇಪ್ಪತ್ತರ ಆಚೆ ಈಚೆ. ಆ ಪುಟದ ಉದ್ದಕ್ಕೂ ಅಂಥವೇ ಹೆಸರುಗಳು, ಒಂದರ ಕೆಳಗೊಂದು.

ಹೊರಗೆ ಬಂದು ಚಹಾದಂಗಡಿಯ ಮುಂದೆ ನಿಂತ ಮೇಲೆ ಅಪ್ಪನೊಳಗಿನ ವಾದಿ ಎದ್ದ. ಅತ್ತೆಗೆ ಫೋನು ಹಚ್ಚಿ, ಊರಿಗೆಲ್ಲ ಕೇಳುವ ದನಿಯಲ್ಲಿ, "ಅಕ್ಕಾ, ಹಿರಿಯಜ್ಜ ಸತ್ತಾನ," ಎಂದ. ಅವನ ಮುಖದಲ್ಲಿದ್ದ ಸಂತೋಷ ನೋಡಿ ಚಹಾದವ ಸೋಸುವ ಕೈ ನಿಲ್ಲಿಸಿದ.

ಅತ್ತೆಯ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ಊಟಕ್ಕೆ ಹೋದಾಗ ಅವಳು ಕಡುಬು ಬಡಿಸಿದಳೇ ಹೊರತು ಸೋಲೊಪ್ಪಲಿಲ್ಲ. "ನೀ ಕುರುಗೋಡಿನ ಕಾಗದ ನೋಡಿಯೇನು? ನೋಡಿಲ್ಲ. ಒಂದ ಕಿವಿಲೆ ಕೇಳಿ ಪಂಚಾಯ್ತಿ ಮಾಡಬಾರ್ದು ಲೇ ತಮ್ಮಾ."

ಅತ್ತೆಯ ಮಾತು ನ್ಯಾಯವಾಗಿತ್ತು. ಕುರುಗೋಡು ಈಗ ತಾನೇ ಒಂದು ತಾಲ್ಲೂಕು, ಆದರೆ ಹಿಂದೆ ಬಳ್ಳಾರಿಗೆ ಸೇರಿತ್ತು. ಹಾಗಾಗಿ ಅದರ ಹಳೆಯ ಭೂಮಿ ಕಾಗದಗಳನ್ನು ಬಳ್ಳಾರಿಯಲ್ಲೇ ನೋಡಲು ಸಿಕ್ಕಿತು. ಈ ಸಲ ಅತ್ತೆಯೂ ಬಂದಳು. ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು, ಅಪ್ಪನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಅವನು ಪುಟ ತಿರುವಿದಾಗೆಲ್ಲ "ತಡಿ, ನಾ ಇನ್ನೂ ಓದಿಲ್ಲ" ಎನ್ನುತ್ತಾ ಕೂತಳು. ಮೊದಲು ನೋಡಿದ್ದೂ ಅವಳೇ.

"ಇಲ್ನೋಡು. ಇಂವಾ ಯಾರು?"

ಅದೇ ಹೆಸರು, ಅದೇ ತಂದೆ, ಅದೇ ಅಡ್ಡಹೆಸರು. ಕುರುಗೋಡಿನಲ್ಲಿ ಒಂದು ಹೊಲಕ್ಕೆ ಪಟ್ಟಾದಾರ. ಬರದ ಹಿಂದಿನ ವರ್ಷ ಇದ್ದಾನೆ, ಬರ ಕಳೆದ ವರ್ಷವೂ ಇದ್ದಾನೆ. ಅದರ ಮುಂದಿನ ವರ್ಷ, ಅದರ ಮುಂದಿನ ವರ್ಷ, ಹೀಗೆ ಹದಿನೈದು ಹದಿನಾರು ವರ್ಷ ಅಚ್ಚುಕಟ್ಟಾಗಿ ಜೋಳ, ಹತ್ತಿ, ನವಣೆ ಬೆಳೆಯುತ್ತಾನೆ. ಆಮೇಲೆ ಒಂದು ವರ್ಷ, "ಪಟ್ಟಾದಾರ ಮೃತ, ಮಗನ ಹೆಸರಿಗೆ" ಎಂಬ ಷರಾ. ಮಗ ಎಂದರೆ ನಮ್ಮ ಮುತ್ತಜ್ಜ.

ಅಪ್ಪ ಪುಟವನ್ನು ಹಿಂದೆ ಮುಂದೆ ತಿರುವಿದ. "ಒಬ್ಬ ಮನಷ್ಯಾ ಎರಡು ಸಲ ಹ್ಯಾಂಗ ಸಾಯ್ತಾನ?"

"ದೇಶನೂರಾಗ ಸತ್ತಾನ, ಕುರುಗೋಡಿಗೆ ಬಂದು ಎದ್ದಾನ. ನಮ್ಮೂರಿನ ಗಾಳಿ ಅಂಥಾದ್ದು," ಎಂದಳು ಅತ್ತೆ.

ಮನೆಗೆ ಬಂದ ಮೇಲೆ ಒಂದೊಂದೇ ಸಾಧ್ಯತೆಯನ್ನು ಇಟ್ಟುಕೊಂಡು ಕೂತೆವು. ಒಂದೇ ಹೆಸರಿನ ಇಬ್ಬರು ಅಣ್ಣತಮ್ಮಂದಿರೇ? ಒಂದೇ ಅಪ್ಪ ಇಬ್ಬರು ಮಕ್ಕಳಿಗೂ ಒಂದೇ ಹೆಸರು ಇಡುವಷ್ಟು ಹೆಸರಿಗೆ ಬರ ಬಂದಿತ್ತೇ? ದೇಶನೂರಿನಲ್ಲಿ ಬರೆದುಕೊಂಡವ ಬರದ ಗದ್ದಲದಲ್ಲಿ ಬದುಕಿದವನನ್ನೂ ಸತ್ತವರ ಜೊತೆ ಸೇರಿಸಿಬಿಟ್ಟನೇ? ಯಾವುದನ್ನು ಹಿಡಿದರೂ ಇನ್ನೊಂದು ಕಡೆ ಕಳಚಿಕೊಳ್ಳುತ್ತಿತ್ತು. ಕಾಗದಗಳು ತಮಗೆ ಗೊತ್ತಿದ್ದಷ್ಟನ್ನು ಹೇಳಿ ಮುಗಿಸಿದ್ದವು. ಹೊಲವನ್ನಾದರೂ ನೋಡಿಬರೋಣವೆಂದು ಸರ್ವೆ ನಂಬರನ್ನು ಈಗಿನ ನಕ್ಷೆಯಲ್ಲಿ ಗುರುತು ಹಾಕಿಸಿಕೊಂಡು ಒಂದು ಭಾನುವಾರ ಮೂವರೂ ಕುರುಗೋಡಿಗೆ ಹೊರಟೆವು.

ಕೊಳಗಲ್ಲು ದಾಟಿದ ಮೇಲೆ ಅತ್ತೆ ಕಿಟಕಿಯ ಗಾಜು ಇಳಿಸಿ ಸೆರಗು ಸರಿಮಾಡಿಕೊಂಡಳು. ಕುರುಗೋಡಿನ ಬಂಡೆಗುಡ್ಡ ಕಾಣುತ್ತಲೇ ಕೈಮುಗಿದಳು. ಮೊದಲು ದೊಡ್ಡ ಬಸವಣ್ಣನ ಗುಡಿ. ಅಲ್ಲಿ ಕಾಯಿ ಒಡೆಸುತ್ತಾ ಅವಳು ಹೇಳಿದ್ದು ನನಗೆ ಆವರೆಗೆ ಗೊತ್ತಿರಲಿಲ್ಲ: ಅವಳ ಅಜ್ಜಿ ಬದುಕಿರುವವರೆಗೂ ಯಾರಾದರೂ ಕುರುಗೋಡಿನ ಕಡೆ ಹೊರಟರೆ ಕೈಯಲ್ಲೊಂದು ತೆಂಗಿನಕಾಯಿ ಕೊಟ್ಟು ಕಳಿಸುತ್ತಿದ್ದಳಂತೆ. "ಯಾಕಬೇ ಅಂತ ಕೇಳಿದ್ರ, ನಮ್ಮತ್ತಿ ಹೇಳ್ಯಾಳ, ಅಷ್ಟ ಅಂತಿದ್ಲು." ಅವಳಜ್ಜಿಯ ಅತ್ತೆ ಎಂದರೆ ಹಿರಿಯಜ್ಜನ ಹೆಂಡತಿ. ಈ ಹುಡುಕಾಟದಲ್ಲಿ ಆಕೆಯ ಬಗ್ಗೆ ಮಾತು ಬಂದದ್ದು ಅದೇ ಮೊದಲು. ನಾವ್ಯಾರೂ ಅದನ್ನು ಗಮನಿಸಲಿಲ್ಲ.

ಊರ ಹೊರಗೆ ಕಾರು ನಿಲ್ಲಿಸಿ, ಟ್ರ್ಯಾಕ್ಟರಿನ ಟೈರಿಗೆ ಗಾಳಿ ಹಾಕಿಸುತ್ತಿದ್ದ ಒಬ್ಬ ರೈತನಿಗೆ ಸರ್ವೆ ನಂಬರು ತೋರಿಸಿದೆವು. ಅವನು ಮೊಬೈಲಿನ ನಕ್ಷೆಯನ್ನು ಒಂದಿಷ್ಟು ಹೊತ್ತು ತಿರುಗಿಸಿ ನೋಡಿ, "ಓ, ಇದು ಗಂಡಸವ್ವನ ಹೊಲ ಅಲ್ರಿ," ಎಂದ.

"ಯಾರ ಹೊಲ?" ಅಪ್ಪ ಕಿವಿ ಮುಂದೆ ಮಾಡಿದ.

"ಗಂಡಸವ್ವಂದು. ಹಂಗ ಅಂತಾರ್ರಿ. ಯಾಕ ಅಂತಾರ ನಂಗೂ ಗೊತ್ತಿಲ್ಲ. ಈಗ ಅದನ್ನ ಮಾಡೋರು ಸಾಬರ ಮನಿಯವರು. ಅವರ ಮನಿಯಾಗ ದೊಡ್ಡಮ್ಮ ಅದಾಳ, ಆಕಿನ್ನ ಕೇಳ್ರಿ. ಆಕಿ ಹೇಳಿದ್ದು ತಿಳಿದ್ರ ನಿಮ್ಮ ಪುಣ್ಯ."

ಕೊನೆಯ ಮಾತಿನ ಅರ್ಥ ಆ ಮನೆಯ ಕಟ್ಟೆಯ ಮೇಲೆ ಕೂತಾಗ ಆಯಿತು. ದೊಡ್ಡಮ್ಮ ಅತ್ತೆಯದೇ ವಯಸ್ಸಿನವಳು. ಕೆಂಪು ಅಂಚಿನ ಸೀರೆಯ ಸೆರಗನ್ನು ತಲೆ ತುಂಬ ಹೊದ್ದು, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ನಮ್ಮ ಮನೆತನದ ಹೆಸರು ಕೇಳುತ್ತಲೇ ಅವಳ ಕಣ್ಣು ದೊಡ್ಡವಾದವು. ಅಪ್ಪನ ಕೈ ಹಿಡಿದುಕೊಂಡು ಒಂದೇ ಸಮನೆ ಮಾತಾಡತೊಡಗಿದಳು. ಆದರೆ ಹಲ್ಲಿಲ್ಲದ ಬಾಯಿ, ಮೇಲಾಗಿ ಅಷ್ಟು ಅವಸರ. ನಮಗೆ ಸಿಕ್ಕಿದ್ದು "ರುಮಾಲು", "ಕುದುರಿ", "ಬಳಿ" ಎಂಬ ಮೂರೇ ಮಾತು. ಮಧ್ಯೆ ಮಧ್ಯೆ ಅವಳೇ ನಗುವಳು, ನಕ್ಕಾಗ ಉಳಿದದ್ದೂ ಹೋಗುವುದು. ಅವಳ ಸೊಸೆ ಚಹಾ ತಂದಿಟ್ಟು, "ಹಲ್ಲಿನ ಸೆಟ್ಟು ಮಾಡಿಸೀವ್ರಿ. ಒತ್ತತಾವ ಅಂತ ಡಬ್ಯಾಗ ಇಟ್ಟು ಕುಂತಾರ," ಎಂದಳು.

ನಾನು ಡಬ್ಬಿ ತರಿಸಿ ನೋಡಿದೆ. ಕೆಳಗಿನ ಸೆಟ್ಟಿನ ಅಂಚು ಎರಡು ಕಡೆ ಉದ್ದವಾಗಿತ್ತು. ಒಸಡಿಗೆ ಚುಚ್ಚದೆ ಇರುವುದು ಹೇಗೆ? "ದೊಡ್ಡಮ್ಮಾ, ನಾ ಹಲ್ಲಿನ ಡಾಕ್ಟರ್ ಅದೀನಿ. ಬಳ್ಳಾರಿಗೆ ಬರ್ರಿ, ಸರಿ ಮಾಡಿ ಕೊಡ್ತೀನಿ. ಆಮ್ಯಾಲೆ ಎಲ್ಲಾ ಹೇಳ್ರಿ."

ಅವಳು ಯೋಚಿಸಿ, ಈ ಸಲ ನಿಧಾನವಾಗಿ, ನಮಗೆ ತಿಳಿಯುವಂತೆ ಹೇಳಿದಳು: "ಸರಿ ಆಗಲಿಲ್ಲಂದ್ರ ಹೇಳಂಗಿಲ್ಲ."

ನನ್ನ ವೃತ್ತಿಯಲ್ಲಿ ಅಷ್ಟು ಅಂಜಿಕೊಂಡು ನಾನು ಯಾವ ಸೆಟ್ಟನ್ನೂ ಸರಿಮಾಡಿಲ್ಲ. ಎರಡು ದಿನ ಬಿಟ್ಟು ದೊಡ್ಡಮ್ಮನ ಮಗ ಅವಳನ್ನು ಕರೆತಂದ. ಅಂಚು ತಿಕ್ಕಿ ಹಾಕಿ ನೋಡಿ, ಮತ್ತೆ ತಿಕ್ಕಿ, ಹೊಳಪು ಕೊಟ್ಟು, ಕನ್ನಡಿ ಅವಳ ಕೈಗಿಟ್ಟೆ. ಅವಳು ಕಟಕಟ ಕಡಿದು ನೋಡಿದಳು. ಶೇಂಗಾ ತಂದೀಯೇನು ಎಂದು ಮಗನನ್ನು ಕೇಳಿದಳು. ಅವನ ಜೇಬಿನಲ್ಲಿ ಇತ್ತು. ಒಂದು ಕಾಳು ಅಗಿದು ನುಂಗಿ, ಕುರ್ಚಿಯ ಎರಡೂ ಕೈಗಳ ಮೇಲೆ ತನ್ನ ಕೈಯಿಟ್ಟುಕೊಂಡು, "ಕರೀರಿ ನಿಮ್ಮಪ್ಪನ್ನ," ಎಂದಳು. ಅಪ್ಪ ಮತ್ತು ಅತ್ತೆ ಹೊರಗಿನ ಬೆಂಚಿನ ಮೇಲೆ ರೋಗಿಗಳ ಸಾಲಿನಲ್ಲಿ ಕಾಯುತ್ತಿದ್ದರು. ಒಳಗೆ ಕುರ್ಚಿ ಇದ್ದದ್ದು ಅದೊಂದೇ. ದೊಡ್ಡಮ್ಮ ಆ ಎತ್ತರದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರೆ, ನಾವು ಮೂವರೂ ಅವಳ ಸುತ್ತ ನಿಂತು ಕೇಳಿದೆವು.

ಅವಳು ಕುರುಗೋಡಿಗೆ ಸೊಸೆಯಾಗಿ ಬಂದಾಗ ಅವಳ ಅತ್ತೆ ಹೇಳಿದ ಕಥೆ ಅದು. ಆ ಅತ್ತೆಗೆ ಹೇಳಿದವ ಆಕೆಯ ಮಾವ, ಎಂದರೆ ದೊಡ್ಡಮ್ಮನ ಗಂಡನ ಅಜ್ಜ. ಆ ಮಾವ ಹರೆಯದಲ್ಲಿ ಗಂಡಸವ್ವನ ಎತ್ತು ಹೊಡೆದವ, ಎಲ್ಲವನ್ನೂ ಕಣ್ಣಾರೆ ಕಂಡವ.

ಗಂಡಸವ್ವ ಕುರುಗೋಡಿನ ಮಗಳು. ದೇಶನೂರಿಗೆ, ನಮ್ಮ ಹಿರಿಯಜ್ಜನಿಗೆ ಕೊಟ್ಟಿದ್ದರು. ಅವಳಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಅಳಿಯ ಒಳ್ಳೆಯವನೆಂದು ತನ್ನ ಹೊಲವನ್ನು ಅವನ ಹೆಸರಿಗೆ ಮಾಡಿಸಿದ್ದ. ಮುಂದೆ ಬರ ಬಂತು. ಬರದ ಹಿಂದೆಯೇ ಬೇನೆ ಬಂತು. ಅಪ್ಪ ಹೋದ, ಗಂಡನೂ ಹೋದ. ಅವಳು ಬಗಲಲ್ಲಿ ಕೂಸನ್ನು ಎತ್ತಿಕೊಂಡು ದೇಶನೂರಿನಿಂದ ಕುರುಗೋಡಿಗೆ ನಡೆದು ಬಂದಳು.

"ಗಂಡ ಸತ್ತ ಅಂತ ಇಲ್ಲಿ ಬರೆಸಿದ್ರ ಏನಾಗ್ತಿತ್ತು? ಮೈದುನರು ಬರ್ತಿದ್ರು. ನಮ್ಮಣ್ಣನ ಹೊಲ, ಕೂಸು ಸಣ್ಣದು, ನಾವು ನೋಡ್ಕೊಂತೀವಿ ಅಂತಿದ್ರು," ಎಂದಳು ದೊಡ್ಡಮ್ಮ. "ನೋಡ್ಕೊಂತೀವಿ ಅಂದವರ ಕೈಯಾಗಿನ ಹೊಲ ತಿರುಗಿ ಬಂದಿದ್ದು ಎಲ್ಲೆರೆ ನೋಡೀರೇನು? ಲೆಕ್ಕದಾಗ ಬದುಕಿದ್ದವನ ಹೊಲ ಯಾರೂ ಕೇಳಂಗಿಲ್ಲ. ಅದಕ್ಕ ಆಕಿ ಗಂಡನ್ನ ಸಾಯಾಕ ಬಿಡಲಿಲ್ಲ."

ಊರಿಗೆಲ್ಲ ಗೊತ್ತಿತ್ತು. ಶಾನುಭೋಗನಿಗೂ ಗೊತ್ತಿತ್ತು. ಹೆಂಗಸರು ನೇಗಿಲು ಮುಟ್ಟಬಾರದು ಎಂದು ಹಿರಿಯರು ಗೊಣಗಿದರು. ಅವಳು ಗಂಡನ ರುಮಾಲನ್ನು ತಲೆಗೆ ಸುತ್ತಿಕೊಂಡು ಹೊಲಕ್ಕಿಳಿದು, "ಈಗ ಗಂಡಸ ಉಳಾಕ ಹತ್ಯಾನ, ಬಿಡ್ರಿ," ಎಂದಳಂತೆ. ಅಂದಿನಿಂದ ಅವಳು ಗಂಡಸವ್ವ.

ವರ್ಷಕ್ಕೊಮ್ಮೆ ಲೆಕ್ಕ ನೋಡಲು ಕುದುರೆಯ ಮೇಲೆ ಸಾಹೇಬ ಬರುತ್ತಿದ್ದ. ಆ ಒಂದು ದಿನ ಗಂಡಸವ್ವ ರುಮಾಲು ಬಿಚ್ಚಿ ಬದುವಿನ ಜಾಲಿಗಿಡಕ್ಕೆ ನೇತು ಹಾಕುವಳು. ವಿಧವೆಯ ಬರಿಗೈ ಸಾಹೇಬನ ಕಣ್ಣಿಗೆ ಬೀಳಬಾರದಲ್ಲ. ದೊಡ್ಡಮ್ಮನ ಮನೆಯ ಹೆಂಗಸರು ತಮ್ಮ ಹಸಿರು ಬಳೆಗಳನ್ನು ಬಿಚ್ಚಿ ಅವಳಿಗೆ ತೊಡಿಸುವರು. ಸಾಹೇಬ ಪಟ್ಟಾದಾರನ ಹೆಸರು ಕೂಗುವನು.

"ಆಕಿ ಸೆರಗು ಮುಂದಕ ಎಳಕೊಂಡು ಗಿಡಕ್ಕ ಕೈ ಮಾಡಿ ಅಂತಿದ್ಲಂತ, ‘ರುಮಾಲು ಅಲ್ಲೇ ಐತ್ರೀ ಸಾಹೇಬ್ರ. ನೀರಿನ ಚರಗಿ ತಗೊಂಡು ಹಳ್ಳದ ಕಡಿ ಹೋಗ್ಯಾರ. ಈಗ ಬರ್ತಾರ.’"

ಅಪ್ಪನ ಮುಖ ನೋಡಿದೆ. ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. "ಪ್ರತಿ ವರ್ಷಾನೂ?" ಎಂದ ಮೆಲ್ಲಗೆ.

"ಪ್ರತಿ ವರ್ಷ. ಶಾನಭೋಗ ಆಕಾಶ ನೋಡ್ಕೊಂತ ನಿಂದ್ರತಿದ್ದ. ಸಾಹೇಬರಾದ್ರೂ ಬದಲಿ ಆಗ್ತಿದ್ರು. ಹೊಸಬಗ ಏನು ಗೊತ್ತು."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ದೊಡ್ಡಮ್ಮ ಇನ್ನೂ ಮುಗಿಸಿರಲಿಲ್ಲ. ಒಂದು ವರ್ಷ ಬಂದ ಸಾಹೇಬ ಹಟಮಾರಿ. ಬರಲಿ, ಕಾಯುತ್ತೇನೆ ಎಂದು ಕುದುರೆ ಇಳಿದೇಬಿಟ್ಟ. ಕುರ್ಚಿ ಹಾಕಿಸಿಕೊಂಡು ಕೂತ. ಶಾನುಭೋಗ ಲೆಕ್ಕದ ಪುಸ್ತಕದಲ್ಲಿ ಮುಖ ಹುದುಗಿಸಿದ. ಎತ್ತು ಹೊಡೆಯುವ ಹುಡುಗ ಎತ್ತಿನ ಹಿಂದೆ ಅಡಗಿದ. ಗಂಡಸವ್ವ ಮಾತ್ರ ಸಾಹೇಬನಿಗೆ ಮಜ್ಜಿಗೆ ತಂದುಕೊಟ್ಟಳು.

"ಕೊಟ್ಟು ಏನಂದ್ಲು ಅಂತೀರಿ? ‘ಕುಂದರ್ರಿ ಸಾಹೇಬ್ರ. ಆದ್ರ ತಡಾ ಆಕ್ಕತಿ. ಮುಂಜಾನಿಯಿಂದ ಇದು ಎಷ್ಟನೇ ಸಲಾನೋ. ವಾಂತಿನೂ ಆಗಾಕ ಹತ್ತೈತಿ.’"

ಕಾಲರಾ ಎಂದರೆ ಹುಲಿಗಿಂತ ಹೆಚ್ಚು ಹೆದರುತ್ತಿದ್ದ ಕಾಲ. ಸಾಹೇಬ ಮಜ್ಜಿಗೆಯ ಚೆಂಬು ಕೆಳಗಿಟ್ಟವ ಕುದುರೆ ಏರಿದ್ದೇ ಕಂಡಿತು, ಊರು ದಾಟಿದ್ದು ಧೂಳಿನಲ್ಲಿ ಕಾಣಲಿಲ್ಲವಂತೆ.

ಮೊದಲು ನಕ್ಕವನು ಅಪ್ಪ. ನನ್ನ ಅಪ್ಪ, ಅಂಗಡಿಯ ಗದ್ದುಗೆಯ ಮೇಲೆ ಮುಗುಳುನಗೆಗಿಂತ ಹೆಚ್ಚು ನಕ್ಕವನಲ್ಲ. ಅಂದು ಗೋಡೆ ಹಿಡಿದುಕೊಂಡು ಕೂತುಬಿಟ್ಟ. ಹೊರಗೆ ಕಾಯುತ್ತಿದ್ದ ರೋಗಿಯೊಬ್ಬ ಬಾಗಿಲು ಸರಿಸಿ ಇಣುಕಿದ. ಹಲ್ಲು ಕೀಳಿಸಿಕೊಳ್ಳುವ ಜಾಗದಲ್ಲಿ ಇಷ್ಟು ನಗುವೇಕೆಂದು ಅವನಿಗೆ ಅನಿಸಿರಬೇಕು. ಅತ್ತೆ ಕಣ್ಣೊರೆಸಿಕೊಳ್ಳುತ್ತಾ, "ಹದಿನೈದು ವರ್ಷ ಹಳ್ಳದಾಗ ಕುಂತಿದ್ದ ಮಹಾನುಭಾವ," ಎಂದಳು. ಅಲ್ಲಿಗೆ ಮತ್ತೆ ಎಲ್ಲರಿಗೂ ನಗು ಶುರುವಾಯಿತು.

ನಗು ಇಳಿದ ಮೇಲೆ ನಾನು ಬಳೆಗಳ ಬಗ್ಗೆ ಕೇಳಿದೆ. ದೊಡ್ಡಮ್ಮನ ದನಿ ಸಣ್ಣದಾಯಿತು. ಸಾಹೇಬ ಹೋದ ಮೇಲೆ ಬಳೆ ತಿರುಗಿ ಕೊಡಬೇಕಲ್ಲ. ಗಂಡಸವ್ವ ದೀಪ ಹಚ್ಚುವ ಹೊತ್ತಿನವರೆಗೂ ತೆಗೆಯುತ್ತಿರಲಿಲ್ಲವಂತೆ. ರೊಟ್ಟಿ ಬಡಿಯುವಾಗ ಅವು ಸದ್ದು ಮಾಡಲೆಂದು ಅಂದು ಬೇಕಾದ್ದಕ್ಕಿಂತ ಹೆಚ್ಚು ರೊಟ್ಟಿ ಬಡಿದು ಓಣಿಗೆಲ್ಲ ಹಂಚುತ್ತಿದ್ದಳಂತೆ. "ನಮ್ಮವರೂ ಕೇಳ್ತಿದ್ದಿಲ್ಲ. ಇರಲಿ ಬಿಡು ಅಂತಿದ್ರು."

ಮಗ ಹೊಲ ನೋಡಿಕೊಳ್ಳುವಷ್ಟು ದೊಡ್ಡವನಾದ ವರ್ಷ ಅವಳು ಶಾನುಭೋಗನ ಮನೆಗೆ ಹೋಗಿ, "ನನ್ನ ಗಂಡ ತೀರ್ಕೊಂಡಾರ," ಎಂದು ಬರೆಸಿದಳು. ಊರಿಗೆಲ್ಲ ಗೋದಿ ಹುಗ್ಗಿ ಮಾಡಿ ಹಾಕಿದಳು. ಎಂದೋ ಸತ್ತವನ ತಿಥಿಗೆ ಊರೇ ಬಂದು, ಒಬ್ಬರನ್ನೊಬ್ಬರು ನೋಡಿ ನಗುತ್ತಾ, ಎರಡೆರಡು ಸಲ ಬಡಿಸಿಕೊಂಡು ಉಂಡಿತು. ಮುಂದೆ ಮಗ ಹತ್ತಿ ವ್ಯಾಪಾರಕ್ಕೆಂದು ಬಳ್ಳಾರಿ ಸೇರಿದಾಗ, ಹೊಲವನ್ನು ತನ್ನ ಎತ್ತು ಹೊಡೆದವನ ಮನೆಗೇ ಕೊಡಬೇಕೆಂದು ಹೇಳಿದ್ದೂ ಅವಳೇ.

ಅಪ್ಪ ಕೇಳಿದ, "ಆಕಿ ಹೆಸರು ಏನಿತ್ತು, ದೊಡ್ಡಮ್ಮಾ?"

"ಗಂಡಸವ್ವ."

"ಅದಲ್ಲ. ತಂದಿ-ತಾಯಿ ಇಟ್ಟ ಹೆಸರು."

ದೊಡ್ಡಮ್ಮ ತಲೆಯಾಡಿಸಿದಳು. ಅವಳಿಗೆ ಗೊತ್ತಿರಲಿಲ್ಲ. ನಾವು ನೋಡಿದ ಯಾವ ಕಾಗದದಲ್ಲೂ ಅವಳ ಹೆಸರಿರಲಿಲ್ಲ; ರುಮಾಲು, ಬಳೆ, ಮಜ್ಜಿಗೆಯೂ ಇರಲಿಲ್ಲ. ಮೂರು ನಾಲ್ಕು ತಲೆಮಾರು ದಾಟಿ ಬಂದ ಕಥೆ, ದಾರಿಯಲ್ಲಿ ಉಪ್ಪುಖಾರ ಸೇರಿಯೇ ಇರುತ್ತದೆ. ಆದರೆ ಒಬ್ಬ ಮನುಷ್ಯ ಎರಡು ಸಲ ಸತ್ತದ್ದಕ್ಕೆ ಇದಕ್ಕಿಂತ ಚೆಂದದ ಕಾರಣ ನನಗೆ ಬೇಕಾಗಿಯೂ ಇರಲಿಲ್ಲ. ಅಪ್ಪನ ಮಾತೂ ನಿಜವಾಯಿತು, ಅತ್ತೆಯ ಮಾತೂ ನಿಜವಾಯಿತು.

"ಮತ್ತ ನಮ್ಮಜ್ಜ ಇದನ್ನ ಯಾಕ ಯಾರಿಗೂ ಹೇಳಲಿಲ್ಲ?" ಎಂದು ಅಪ್ಪ ಮನೆಗೆ ಹೋಗುವ ದಾರಿಯಲ್ಲಿ ಕೇಳಿದ.

"ಬಳ್ಳಾರಿ ಪ್ಯಾಟ್ಯಾಗ ಸಾವ್ಕಾರ ಆದಾಂವ, ನಮ್ಮವ್ವ ನೇಗಿಲು ಹೊಡದಾಳ ಅಂದಿದ್ರ ಆಗಿನ ಕಾಲಕ್ಕ ನಮ್ಮಪ್ಪಗ ಯಾರು ಹೆಣ್ಣು ಕೊಡ್ತಿದ್ರು? ನಮ್ಮಜ್ಜಿ ಹೇಳಬೇಕಂತ ಇದ್ದಿರಬೇಕು, ಗಂಡನ ಮುಖ ನೋಡಿ ಸುಮ್ಮನಾದ್ಲು. ಕಾಯಿ ಅಷ್ಟ ಕಳಿಸಿದ್ಲು," ಎಂದಳು ಅತ್ತೆ.

ಆ ಚಳಿಗಾಲ ನಮ್ಮ ಮನೆತನದ ಹೆಳವ ಸಿರುಗುಪ್ಪಕ್ಕೆ, ಅತ್ತೆಯ ಮನೆಗೆ ಬಂದ. ಮನೆಮನೆಯ ವಂಶಾವಳಿಯನ್ನು ತಲೆಮಾರುಗಳಿಂದ ಹಾಡಿಕೊಂಡು ಬರುವ ಹೆಳವರು ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಇವನು ಬಂದದ್ದು ಬೈಕಿನ ಮೇಲೆ, ಗಂಟೆಯನ್ನು ಹ್ಯಾಂಡಲಿಗೆ ಕಟ್ಟಿಕೊಂಡು. ಅತ್ತೆ ನನ್ನನ್ನೂ ಕರೆಸಿಕೊಂಡಳು. ಅವನು ರಾಗವಾಗಿ ಹಾಡಿದ ಪಟ್ಟಿಯಲ್ಲಿ ನಮ್ಮವರು ದೇಶನೂರಿನವರೂ ಅಲ್ಲ, ಕುರುಗೋಡಿನವರೂ ಅಲ್ಲ, ಹೊಳೆ ದಾಟಿ ನಿಜಾಮನ ಸೀಮೆಯಿಂದ ಬಂದವರು. ಅತ್ತೆಯ ಹುಬ್ಬು ಮೇಲೇರಿತು. ಆದರೆ ಅವಳಿಗೆ ಬೇಕಾದದ್ದು ಬೇರೆ. ಹಾಡು ಹಿರಿಯಜ್ಜನನ್ನು ದಾಟುತ್ತಿದ್ದಂತೆ ಅವನನ್ನು ತಡೆದು, ಗಂಡಸವ್ವನನ್ನು ಸೇರಿಸಬೇಕೆಂದಳು.

"ಹೆಣ್ಮಕ್ಕಳ ಹೆಸರು ಪಟ್ಟ್ಯಾಗ ಬರಂಗಿಲ್ರೀ ಅಮ್ಮಾ. ಗಂಡಸರದಷ್ಟ," ಎಂದ ಹೆಳವ ವಿನಯದಿಂದ.

"ಗಂಡಸ ಅಂತ ಅಂತೀನಲ್ಲೋ. ಗಂಡಸವ್ವ. ಬರಕೋ."

ಹೆಳವ ಪೆನ್ನಿನ ಟೋಪಿ ತೆಗೆದು ಒಂದಿಷ್ಟು ಯೋಚಿಸಿದ. ಆಮೇಲೆ ಕಥೆ ಪೂರ್ತಿ ಹೇಳಿಸಿಕೊಂಡ. ಕುದುರೆ ಸಾಹೇಬನ ಜಾಗಕ್ಕೆ ಬಂದಾಗ ಅವನೂ ನಕ್ಕು, ಬರೆದುಕೊಂಡು, ಅಲ್ಲೇ ರಾಗಕ್ಕೆ ಕೂಡಿಸಿ ಹಾಡಿಬಿಟ್ಟ. ಅತ್ತೆ ಒಂದು ಮೊರ ಜೋಳ ಹೆಚ್ಚಿಗೆ ಹಾಕಿದಳು.

ಎಳ್ಳು ಅಮಾವಾಸ್ಯೆಗೆ ದೊಡ್ಡಮ್ಮನ ಮನೆಯವರು ನಮ್ಮನ್ನೆಲ್ಲ ಹೊಲಕ್ಕೆ ಕರೆದರು. ತಮ್ಮನ ಸಂಸಾರ, ಧಾರವಾಡದಿಂದ ಬಂದ ನನ್ನ ಮಗಳು, ಅತ್ತೆಯ ಮಕ್ಕಳು ಮೊಮ್ಮಕ್ಕಳು, ಒಂದು ಜಾತ್ರೆಯೇ ಆಯಿತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕಡುಬು ನಾವು ಒಯ್ದೆವು. ಅವರು ಮೊಸರು, ಉಳ್ಳಾಗಡ್ಡಿ, ಬಿಸಿ ಅನ್ನ ಇಟ್ಟಿದ್ದರು. ಅ‍ಪ್ಪ ಚರಗವೆಂದು ಅನ್ನ, ಕಡುಬಿನ ತುತ್ತುಗಳನ್ನು ಭೂಮಿತಾಯಿಗೆ ಚೆಲ್ಲುತ್ತಾ ಹೊಲದ ನಾಲ್ಕೂ ಬದು ಸುತ್ತಿದ. ಅಂಗಡಿಯಲ್ಲಿ ಮೊಳ ಹಾಕಿ ಬದುಕಿದವನಿಗೆ ಸಾಲುಗಳ ನಡುವೆ ನಡೆಯಲು ಬಾರದೆ ಎರಡು ಸಲ ಮುಗ್ಗರಿಸಿದ. ದೊಡ್ಡಮ್ಮನ ಮಗ ತೋಳು ಹಿಡಿದು ನಡೆಸಿದ. ದೊಡ್ಡಮ್ಮನೂ ಅತ್ತೆಯೂ ಬೇವಿನ ನೆರಳಲ್ಲಿ ಕೂತು, ಮೊನ್ನೆ ಮೊನ್ನೆ ಪರಿಚಯವಾದವರಂತೆ ಅಲ್ಲ, ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವರಂತೆ, ಸೊಸೆಯಂದಿರ ಬಗ್ಗೆ ಮಾತಾಡುತ್ತಿದ್ದರು. ನನ್ನ ಮಗಳು ನೇಗಿಲು ಹೊಡೆಯುತ್ತೇನೆಂದು ಹಟ ಹಿಡಿದು ಟ್ರ್ಯಾಕ್ಟರ್ ಏರಿ, ಖಾಲಿ ಬಿಟ್ಟ ಮೂಲೆಯಲ್ಲಿ ಒಂದು ಸಾಲು ಹಾವಿನಂತೆ ಹೊಡೆದು ಇಳಿದಳು. ಅಪ್ಪ ಚಪ್ಪಾಳೆ ತಟ್ಟಿದ.

ಹೊರಡುವಾಗ ಅವರು ಕಾರಿನ ಡಿಕ್ಕಿಗೆ ಒಂದು ಚೀಲ ಮೆಣಸಿನಕಾಯಿ ಹಾಕಿದರು. ಬೇಡವೆಂದರೆ ಕೇಳಲಿಲ್ಲ. ಬಳ್ಳಾರಿ ಮುಟ್ಟುವವರೆಗೂ ಎಲ್ಲರೂ ಸೀನುತ್ತಲೇ ಬಂದೆವು. ಮರುದಿನ ಅಪ್ಪ ಅವನ್ನು ಮಾಳಿಗೆಯ ಮೇಲೆ ತಾನೇ ಹರವಿದ. ಓಣಿಯವರು ಮೂಗು ಮುಚ್ಚಿಕೊಂಡು ಯಾರ ಮನೆಯದ್ದು ಇಷ್ಟು ಘಾಟು ಎಂದು ಕೇಳಿದಾಗ, ಅವನು ಮೇಲಿನಿಂದ ಬಗ್ಗಿ, "ನಮ್ಮ ಹೊಲದ್ದು," ಎಂದ.